ಕೋಳೀಕೆ ರಂಗನ ಕಾಗುಣಿತ

ಇಂಗ್ಲಿಷ್ ಹಾಡು ಕನ್ನಡದ ಮನೆಗೆ ಎರಡು ಬಾಗಿಲಿನಿಂದ ಬಂತು. ಮುಂಬಾಗಿಲಲ್ಲಿ ಕರೆತಂದವರು ಬಿ.ಎಂ.ಶ್ರೀ. 1926ರ ‘ಇಂಗ್ಲಿಷ್ ಗೀತಗಳು’ ಸಂಕಲನದಲ್ಲಿ ಷೆಲ್ಲಿ, ವರ್ಡ್ಸ್‌ವರ್ತ್, ಬರ್ನ್ಸ್ ಎಲ್ಲರೂ ಮರ್ಯಾದೆಯಿಂದ ಒಳಗೆ ಬಂದು ಕೂತರು. ನವೋದಯದ ಚರಿತ್ರೆ ಶುರುವಾಗುವುದೇ ಅಲ್ಲಿಂದ. ಹಿತ್ತಿಲ ಬಾಗಿಲಲ್ಲಿ ಬಂದವರ ಹೆಸರು ಯಾವ ಪಠ್ಯದಲ್ಲೂ ಇಲ್ಲ. ಅವರು ಮ್ಯೂಸಿಕ್ ಹಾಲ್ ಎಂಬ ಅಗ್ಗದ ರಂಗಶಾಲೆಗಳ ಹಾಸ್ಯಗಾರರು. ಅಮೆರಿಕದಲ್ಲಿ ವಾಡೆವಿಲ್ ಎಂದು ಕರೆದದ್ದೂ ಇದೇ ಜಾತಿಯ ಮನರಂಜನೆ: ಒಬ್ಬ ನಟ, ಒಂದು ವೇಷ, ನಾಲ್ಕು ನಿಮಿಷದ ಹಾಡು, ಜನ ನಕ್ಕರೆ ಉಳಿವು, ಇಲ್ಲವಾದರೆ ಮುಂದಿನ ಊರು. ಅವರನ್ನು ಒಳಗೆ ಬಿಟ್ಟುಕೊಂಡವರು ಟಿ.ಪಿ. ಕೈಲಾಸಂ.

ಕೈಲಾಸಂ ಅವರನ್ನು ಕನ್ನಡ ಮರೆತಿಲ್ಲ. ಪ್ರಹಸನ ಪ್ರಪಿತಾಮಹ ಎಂಬ ಬಿರುದು, ಕೈಯಲ್ಲಿ ಸಿಗರೇಟು, ಚಟಾಕಿಗಳ ರಾಶಿ ಎಲ್ಲವೂ ನೆನಪಿನಲ್ಲಿವೆ. ಮರೆತದ್ದು ಅವರೊಳಗಿದ್ದ ಹಾಡುಗಾರ ವಿದೂಷಕನನ್ನು. ‘ಕೋಳೀಕೆ ರಂಗ’, ‘ತಿಪ್ಪಾರಳ್ಳಿ’ ಹಾಡುಗಳು ಇಂದಿಗೂ ಕಿವಿಗೆ ಬೀಳುತ್ತವೆ ನಿಜ. ಆದರೆ ಶಾಲಾ ವಾರ್ಷಿಕೋತ್ಸವದಲ್ಲಿ, ರಾಜ್ಯೋತ್ಸವದ ವೇದಿಕೆಯಲ್ಲಿ ಅವು ಬರುವುದು ಜಾನಪದ ಗೀತೆಯ ಉಡುಪಿನಲ್ಲಿ, ಇಲ್ಲವೇ ಸುಗಮ ಸಂಗೀತದ ಪಕ್ಕವಾದ್ಯಗಳ ನಡುವೆ. ಅವು ಯಾವ ಬಗೆಯ ಹಾಡುಗಳು ಎಂಬುದೇ ಮರೆತುಹೋದುದರಿಂದ ಅವುಗಳ ಕಸುಬುಗಾರಿಕೆಯೂ ನಮಗೆ ಕಾಣದಾಗಿದೆ. ಅದನ್ನು ಮತ್ತೆ ಹುಡುಕಬೇಕಾದರೆ ಮೂಲದ ಹಾಡುಗಳನ್ನು ಪಕ್ಕದಲ್ಲಿಟ್ಟುಕೊಂಡು ಕೇಳಬೇಕು.

ಮೊದಲು ‘ತಿಪ್ಪಾರಳ್ಳಿ’. ಇದರ ಮಟ್ಟು ‘ಇಟ್ಸ್ ಎ ಲಾಂಗ್ ವೇ ಟು ಟಿಪ್ಪರರಿ’ ಹಾಡಿನದು. ಅದನ್ನು 1912ರ ಜನವರಿಯಲ್ಲಿ ಇಂಗ್ಲೆಂಡಿನ ಸ್ಟೇಲಿಬ್ರಿಡ್ಜ್ ಎಂಬ ಊರಿನ ರಂಗಮಂದಿರದಲ್ಲಿ ಹಾಡಿದವನು ಜ್ಯಾಕ್ ಜಡ್ಜ್. ಐದು ಷಿಲ್ಲಿಂಗ್ ಪಂದ್ಯ ಕಟ್ಟಿ ಒಂದೇ ರಾತ್ರಿಯಲ್ಲಿ ಬರೆದನೆಂಬ ಕತೆ ಪ್ರಸಿದ್ಧ. ಮೀನು ಮಾರುವ ಕುಟುಂಬದಿಂದ ಬಂದ ಈ ಹಾಸ್ಯಗಾರನನ್ನು ಅವನ ಹಾಡೇ ನುಂಗಿಹಾಕಿತು. 1914ರ ಆಗಸ್ಟಿನಲ್ಲಿ ಐರಿಷ್ ಪಡೆಯೊಂದು ಫ್ರಾನ್ಸಿನ ಬೂಲೋನ್ ಬೀದಿಗಳಲ್ಲಿ ಅದನ್ನು ಹಾಡುತ್ತ ನಡೆದದ್ದು ಪತ್ರಿಕೆಯಲ್ಲಿ ವರದಿಯಾಯಿತು. ಅಲ್ಲಿಂದ ಮುಂದೆ ಅದು ಮಹಾಯುದ್ಧದ ಹಾಡು, ಕಣ್ಣೀರಿನ ಹಾಡು. ಮೂಲದಲ್ಲಿ ಅದು ನಗೆಹಾಡು. ಲಂಡನ್ನಿಗೆ ಬಂದ ಐರಿಷ್ ಹಳ್ಳಿಗನೊಬ್ಬ ಊರಿನ ಹುಡುಗಿಗೆ ಪೆದ್ದುಪೆದ್ದಾಗಿ ಕಾಗದ ಬರೆಯುತ್ತಾನೆ, ಅವಳು ಅಷ್ಟೇ ಕಿಲಾಡಿಯಾಗಿ ಉತ್ತರಿಸುತ್ತಾಳೆ. ಆ ನುಡಿಗಳು ಜಗತ್ತಿಗೆ ಮರೆತುಹೋಗಿ ಪಲ್ಲವಿಯೊಂದೇ ಉಳಿಯಿತು.

ಆ ಹಾಡು ಲಂಡನ್ನಿನ ಮ್ಯೂಸಿಕ್ ಹಾಲುಗಳಿಗೆ ಬಂದ ದಿನಗಳಲ್ಲಿ ಕೈಲಾಸಂ ಅದೇ ಊರಿನ ರಾಯಲ್ ಕಾಲೇಜ್ ಆಫ್ ಸೈನ್ಸಿನಲ್ಲಿ ಭೂವಿಜ್ಞಾನ ಓದುತ್ತಿದ್ದರು. ಪಾಠದಷ್ಟೇ ನಿಷ್ಠೆಯಿಂದ ನಾಟಕ ನೋಡುತ್ತಿದ್ದ ವಿದ್ಯಾರ್ಥಿ. ಅವರು ಕನ್ನಡಕ್ಕೆ ತಂದಾಗ ಎತ್ತಿಕೊಂಡದ್ದು ಎರಡೇ ಸಂಗತಿ: ಮಟ್ಟು ಮತ್ತು ಸನ್ನಿವೇಶ. ಪಟ್ಟಣಕ್ಕೆ ಬಂದವನೊಬ್ಬ ದೂರದ ತನ್ನ ಹಳ್ಳಿಯನ್ನು ನೆನೆಯುತ್ತಾನೆ. ಟಿಪ್ಪರರಿಗೆ ತಿಪ್ಪಾರಳ್ಳಿ ಎಂಬ ಜೋಡಿ ಸಿಕ್ಕಿದ್ದು ಕಿವಿಯ ಅದೃಷ್ಟ ಎನ್ನಬಹುದು. ಆದರೆ ನಮ್ಮ ಕಡೆಯ ನೂರಾರು ಹಳ್ಳಿಗಳ ಹೆಸರಿನ ಕೊನೆಗೆ ಅಂಟಿಕೊಂಡಿರುವ ‘ಹಳ್ಳಿ’ಯನ್ನು ಬಾಯಿಮಾತಿನ ‘ಅಳ್ಳಿ’ಯಾಗಿ ಎಳೆದು ಅದೇ ಮೆಟ್ಟಿಲುಗಳ ಮೇಲೆ ಕೂರಿಸಿದ್ದು ಅದೃಷ್ಟವಲ್ಲ, ಕಸುಬು. ಇಂದು ಸೂರತ್ತಿನ ಹಜೀರಾದ ಉಕ್ಕಿನ ಕಾರ್ಖಾನೆಗೋ ವಡೋದರದ ತೈಲ ಶುದ್ಧೀಕರಣ ಘಟಕಕ್ಕೋ ಕೆಲಸಕ್ಕೆ ಹೋದ ಕನ್ನಡಿಗನಿಗೆ ಈ ಹಾಡು ತಟ್ಟಿದರೆ ಅದರಲ್ಲಿ ಆಶ್ಚರ್ಯವಿಲ್ಲ. ವಲಸೆಯ ನೋವನ್ನು ಅಳದೆ ಹೇಳುವ ಹಾಡು ಅದು.

‘ಕೋಳೀಕೆ ರಂಗ’ನ ಕತೆ ಇನ್ನೂ ಸ್ವಾರಸ್ಯವಾದದ್ದು. ಅದರ ಮಟ್ಟು ‘ಕಾನ್‌ಸ್ಟಾಂಟಿನೋಪಲ್’ ಹಾಡಿನದು. ಕೈಲಾಸಂ ಇವನ್ನೆಲ್ಲ ಲಂಡನ್ನಿನಿಂದ ಮನಸ್ಸಿನಲ್ಲಿ ತುಂಬಿಕೊಂಡು ಬಂದರು ಎನ್ನುವುದು ರೂಢಿಯ ಮಾತು. ಕಾಲ ಹೊಂದುವುದಿಲ್ಲ. ಹ್ಯಾರಿ ಕಾರ್ಲ್‌ಟನ್ ಬರೆದ ಆ ಹಾಡು ಹೊರಬಂದದ್ದು 1928ರಲ್ಲಿ. ಅದೇ ವರ್ಷ ಅಮೆರಿಕದ ಪಾಲ್ ವೈಟ್‌ಮನ್ ವಾದ್ಯಮೇಳ ಅದನ್ನು ಗ್ರಾಮಫೋನ್ ತಟ್ಟೆಗೆ ಹಾಡಿತು. ಆ ವೇಳೆಗೆ ಕೈಲಾಸಂ ಮೈಸೂರು ಸಂಸ್ಥಾನಕ್ಕೆ ಮರಳಿ ಹತ್ತು ವರ್ಷಕ್ಕೂ ಮೇಲಾಗಿತ್ತು. ಅವರ ನಾಟಕ ‘ಟೊಳ್ಳು ಗಟ್ಟಿ’ 1918ರಷ್ಟು ಹಿಂದಿನದು. ಅಂದರೆ ಈ ಮಟ್ಟು ಅವರಿಗೆ ಸಿಕ್ಕಿದ್ದು ಬೆಂಗಳೂರಿನಲ್ಲೇ ಇರಬೇಕು, ದಂಡುಪ್ರದೇಶದ ಬ್ಯಾಂಡಿನಿಂದಲೋ ಯಾರದೋ ಮನೆಯ ಗ್ರಾಮಫೋನಿನಿಂದಲೋ. ಈ ಸಣ್ಣ ವಿವರದಿಂದ ಅವರ ಚಿತ್ರವೇ ಬದಲಾಗುತ್ತದೆ. ಹಳೆಯ ವಿದ್ಯಾರ್ಥಿ ದಿನಗಳ ಹಂಬಲದಲ್ಲಿ ಹಾಡು ಕಟ್ಟಿದವರಲ್ಲ ಅವರು. ತಮ್ಮ ಊರಿನ ಗಾಳಿಯಲ್ಲಿ ತೇಲಿಬಂದ ಹೊಚ್ಚಹೊಸ ಜನಪ್ರಿಯ ಸಂಗೀತಕ್ಕೆ ಕಿವಿಗೊಟ್ಟು ಕೂತವರು.

ಆ ಇಂಗ್ಲಿಷ್ ಹಾಡಿನ ಗಮ್ಮತ್ತು ಇರುವುದು ಅಕ್ಷರ ಬಿಡಿಸಿ ಹೇಳುವುದರಲ್ಲಿ. ಊರಿನ ಹೆಸರಿಗೆ 14 ಅಕ್ಷರ. ಒಂದೊಂದಕ್ಕೂ ಒಂದೊಂದು ತಾಳದ ಪೆಟ್ಟು. ಸ್ಪೆಲಿಂಗ್ ಎಂಬ ಕಷ್ಟ ಇರುವ ಭಾಷೆಗೆ ಅದು ಸಹಜವಾದ ಆಟ. ಕನ್ನಡದಲ್ಲಿ ಆ ಕಷ್ಟವೇ ಇಲ್ಲ. ನುಡಿದಂತೆ ಬರೆಯುತ್ತೇವೆ, ‘ಕೋಳೀಕೆ ರಂಗ’ ಎಂದರೆ ಐದೇ ಅಕ್ಷರ, ಬಿಡಿಸಿ ಹೇಳಿದರೂ ಕೂಡಿಸಿ ಹೇಳಿದರೂ ಕೇಳುವುದು ಒಂದೇ. ಹಾಗಾಗಿ ನಕಲು ಮಾಡಲು ಹೊರಟವನಿಗೆ ಇಲ್ಲಿ ಗೋಡೆ ಎದುರಾಗುತ್ತದೆ. ಮಟ್ಟಿನಲ್ಲಿ ಜಾಗ ಬೇಕಾದಷ್ಟಿದೆ, ತುಂಬಲು ಅಕ್ಷರಗಳಿಲ್ಲ.

ಕೈಲಾಸಂ ಆ ಗೋಡೆಯನ್ನು ದಾಟಿದ ಬಗೆ ನೋಡಬೇಕು. ಅವರು ಕೂಲಿ ಮಠದ ಒಳಗೆ ಹೋಗುತ್ತಾರೆ. ಅಯ್ಯನವರ ಬೆತ್ತದ ಮುಂದೆ ಮಕ್ಕಳು ರಾಗವಾಗಿ ಒಪ್ಪಿಸುತ್ತಿದ್ದ ಕಾಗುಣಿತವನ್ನು ಎತ್ತಿಕೊಳ್ಳುತ್ತಾರೆ. ಮೊದಲ ಸುತ್ತಿನಲ್ಲಿ ಪ್ರತಿ ಅಕ್ಷರಕ್ಕೂ ಬಾಲವೊಂದನ್ನು ಅಂಟಿಸಿ ಹೇಳುತ್ತಾನೆ ರಂಗ. ಅನುಸ್ವಾರ ಅಲ್ಲಿ ಬಿಂದುವಲ್ಲ, ಬಾಯ್ತುಂಬ ‘ಸೊನ್ನೆ’. ಎರಡನೆಯ ಸುತ್ತಿನಲ್ಲಿ ಓತ್ವ, ಏತ್ವಗಳನ್ನೇ ಹೊರಗೆಳೆದು ಹೆಸರನ್ನು ಇನ್ನೊಮ್ಮೆ ಬಿಡಿಸುತ್ತಾನೆ. ಐದು ಅಕ್ಷರದ ಹೆಸರು ಉದ್ದುದ್ದ ಬೆಳೆದು ಮಟ್ಟಿನ ಮೂಲೆಮೂಲೆಯನ್ನೂ ತುಂಬುತ್ತದೆ. ಇಂಗ್ಲಿಷ್ ಹಾಡಿನಲ್ಲಿ ಸ್ಪೆಲಿಂಗ್ ಒಂದು ಚಮತ್ಕಾರ ಮಾತ್ರ. ಕನ್ನಡದಲ್ಲಿ ಅದಕ್ಕೆ ಪಾತ್ರ ಹುಟ್ಟಿಕೊಂಡಿತು: ಮಠದಲ್ಲಿ ನಾಲ್ಕಕ್ಷರ ಕಲಿತ, ಆ ಹೆಮ್ಮೆಯನ್ನು ಎದೆಯ ಮೇಲೆ ಹೊತ್ತು ತಿರುಗುವ ಹಳ್ಳಿಗ. ಆಮೇಲೆ ಹುಟ್ಟಿದ ಊರು, ಬೆಳೆದ ಊರು, ಮದುವೆಯಾದ ಊರು ಎಂದು ವಿಳಾಸ ಒಪ್ಪಿಸುವಾಗ ಕಚೇರಿಯ ಗುಮಾಸ್ತನ ಮುಂದೆ ನಿಂತ ರೈತನ ಗತ್ತೂ ಅದರಲ್ಲಿ ಸೇರಿಕೊಳ್ಳುತ್ತದೆ.

ಭಾಷೆಯ ಆಯ್ಕೆಯೂ ಬರಿಯ ತಮಾಷೆಗಾಗಿ ಮಾಡಿದ್ದಲ್ಲ. ಗ್ರಾಂಥಿಕ ಕನ್ನಡದ ಪದಗಳು ಸ್ವರದಲ್ಲಿ ಮುಗಿಯುತ್ತವೆ, ಹರಡಿಕೊಂಡು ನಡೆಯುತ್ತವೆ. ಇಂಗ್ಲಿಷ್ ಕುಣಿತದ ಮಟ್ಟುಗಳಿಗೆ ಬೇಕಾದುದು ಗಟ್ಟಿ ಪೆಟ್ಟು, ಮುಚ್ಚಿದ ಅಕ್ಷರ. ಬೆಂಗಳೂರು ಮೈಸೂರು ಕಡೆಯ ಹಳ್ಳಿಮಾತು ನಡುವಿನ ಸ್ವರಗಳನ್ನು ನುಂಗಿ, ಹಕಾರವನ್ನು ಬಿಟ್ಟು, ಒತ್ತಕ್ಷರಗಳನ್ನು ಕಟ್ಟಿಕೊಂಡು ಓಡುತ್ತದೆ. ಅದು ಆ ಮಟ್ಟುಗಳ ಮೇಲೆ ಅಳತೆ ಕೊಟ್ಟು ಹೊಲಿಸಿದಂತೆ ಕೂರುತ್ತದೆ ಎಂಬುದನ್ನು ಕೈಲಾಸಂ ಕಿವಿ ಕಂಡುಕೊಂಡಿತು. ಬಿ.ಎಂ.ಶ್ರೀ ಇಂಗ್ಲಿಷ್ ಕವಿತೆಯ ಭಾವ ಉಳಿಸಿಕೊಳ್ಳಲು ಕನ್ನಡ ಛಂದಸ್ಸನ್ನು ಹೊಸದಾಗಿ ಬಾಗಿಸಿದರು. ಕೈಲಾಸಂ ಇಂಗ್ಲಿಷ್ ಹಾಡಿನ ಮಾತನ್ನೆಲ್ಲ ಎಸೆದು ಮಟ್ಟನ್ನಷ್ಟೇ ಉಳಿಸಿಕೊಂಡು, ಅದಕ್ಕೆ ಒಗ್ಗುವ ಕನ್ನಡವನ್ನು ಬೀದಿಯಿಂದ ತಂದರು. ಎರಡೂ ಪ್ರಯೋಗಗಳೇ. ಒಂದಕ್ಕೆ ವಿಮರ್ಶೆಯ ಪೀಠ ಸಿಕ್ಕಿತು, ಇನ್ನೊಂದಕ್ಕೆ ಚಪ್ಪಾಳೆ ಮಾತ್ರ.

ಹಾಗೆಂದು ಕೈಲಾಸಂ ಇದನ್ನು ಶೂನ್ಯದಿಂದ ಸೃಷ್ಟಿಸಿದರೆಂದರೆ ತಪ್ಪು. ಪರರ ಮಟ್ಟಿಗೆ ತಮ್ಮ ಮಾತು ಕೂರಿಸುವುದು ನಮ್ಮ ರಂಗಭೂಮಿಯ ಹಳೆಯ ವಾಡಿಕೆ. ಕಂಪನಿ ನಾಟಕದ ಪದಗಳ ನೆತ್ತಿಯ ಮೇಲೆ ಇದು ಇಂಥ ಮಟ್ಟು ಎಂದು ಬರೆಯುತ್ತಿದ್ದರು. ಪಾರ್ಸಿ ಮಟ್ಟುಗಳಿಗೆ ಅಲ್ಲಿ ಬಲು ಬೆಲೆ. ಆ ಪಾರ್ಸಿ ರಂಗಭೂಮಿಯಾದರೂ ಬೆಳೆದದ್ದು ಗುಜರಾತಿ ಮಾತಾಡುವ ಮುಂಬಯಿಯ ಜನರ ನಡುವೆ. ಗಂಭೀರ ನಾಟಕದ ಕೊನೆಗೆ ಪ್ರಹಸನ, ಕತೆಯ ನಡುನಡುವೆ ‘ಕಾಮಿಕ್’ ಎಂದೇ ಕರೆಸಿಕೊಂಡ ಹಾಸ್ಯದ ಎಳೆ, ಅದಕ್ಕೆ ಬೇಕಾದರೆ ಇಂಗ್ಲಿಷ್ ಮಟ್ಟು ಎಂಬ ಏರ್ಪಾಡು ಅಲ್ಲಿಯದು. 1889ರಲ್ಲಿ ಅಹಮದಾಬಾದಿನಲ್ಲಿ ಡಾಹ್ಯಾಭಾಯಿ ಝವೇರಿ ಕಟ್ಟಿದ ದೇಶಿ ನಾಟಕ ಸಮಾಜದಂಥ ಗುಜರಾತಿ ಮಂಡಳಿಗಳೂ ಹಾಡನ್ನೇ ನೆಚ್ಚಿ ಬಾಳಿದವು. ನಮ್ಮಲ್ಲಿ ಗುಬ್ಬಿ ವೀರಣ್ಣನವರು ರಾಜವೇಷಗಳ ನಡುವೆ ಹಾಸ್ಯಪಾತ್ರವನ್ನೇ ಕಂಪನಿಯ ಬೆನ್ನೆಲುಬು ಮಾಡಿದರು. ಕೈಲಾಸಂ ಕಂಪನಿ ನಾಟಕಗಳ ಆಡಂಬರವನ್ನು ಒಪ್ಪದವರು, ಹಾಡಿಲ್ಲದ ಗದ್ಯ ನಾಟಕ ಬರೆದವರು. ಆದರೂ ನಗೆಹಾಡಿನ ವಿಷಯದಲ್ಲಿ ಅವರು ಕಂಪನಿಯವರ ದಾಯಾದಿಯೇ. ಅವರ ಮಟ್ಟುಗಳು ಬಂದ ದಾರಿ ಬೇರೆ, ಅಷ್ಟೆ.

ಮೆಚ್ಚುಗೆಯ ಜೊತೆ ಒಂದು ತಕರಾರನ್ನೂ ಹೇಳಲೇಬೇಕು. ಮ್ಯೂಸಿಕ್ ಹಾಲ್, ವಾಡೆವಿಲ್ಲುಗಳ ನಗೆ ಬಹುಪಾಲು ಇನ್ನೊಬ್ಬರ ಚರ್ಮ ತೊಟ್ಟು ಹುಟ್ಟಿಸಿದ ನಗೆ. ಪೆದ್ದ ಐರಿಷನವ, ಮುಖಕ್ಕೆ ಮಸಿ ಬಳಿದುಕೊಂಡ ಬಿಳಿಯ ನಟ, ಇವರೆಲ್ಲ ಆ ರಂಗದ ಕಾಯಂ ಸರಕು. ನ್ಯಾಯಾಧೀಶರ ಮಗನಾಗಿ ಹುಟ್ಟಿ ಲಂಡನ್ನಿನಲ್ಲಿ ಓದಿದ ಪೇಟೆಯ ಬ್ರಾಹ್ಮಣ, ಒಕ್ಕಲು ಮಕ್ಕಳ ಮಾತಿನಲ್ಲಿ ಹಾಡಿ ಪೇಟೆಯ ವಿದ್ಯಾವಂತರನ್ನು ನಗಿಸುವಾಗ ಆ ನಗೆ ಯಾರ ಮೇಲೆ ಎಂದು ಕೇಳುವುದು ನ್ಯಾಯವೇ. ‘ತಿಪ್ಪಾರಳ್ಳಿ’ ಈ ಪ್ರಶ್ನೆಯಿಂದ ಪೂರ್ತಿ ತಪ್ಪಿಸಿಕೊಳ್ಳುವುದಿಲ್ಲ. ಅಲ್ಲಿ ಹಳ್ಳಿಗನ ಮುಗ್ಧತೆಯನ್ನು ತುಸು ಮೇಲಿನಿಂದ ನೋಡುವ ಕಣ್ಣಿದೆ. 1930ರ ದಶಕದಲ್ಲಿ ಇದೇ ಬಗೆಯ ನುಡಿಯನ್ನು ಎತ್ತಿಕೊಂಡ ಜಿ.ಪಿ. ರಾಜರತ್ನಂ ‘ರತ್ನನ ಪದಗಳು’ ಬರೆದಾಗ ನೋಟ ಒಳಗಿನದಾಯಿತು. ರತ್ನ ತನ್ನ ನೋವನ್ನು ತಾನೇ ಹೇಳಿಕೊಳ್ಳುತ್ತಾನೆ, ಅವನನ್ನು ಯಾರೂ ತೋರಿಸಬೇಕಾಗಿಲ್ಲ.

‘ಕೋಳೀಕೆ ರಂಗ’ ಮಾತ್ರ ಬೇರೆ. ಅಲ್ಲಿ ನಗೆಯ ಮೊನೆ ಕೇಳುವವನ ಕಡೆಗೇ ತಿರುಗಿದೆ. ಇದನ್ನು ಹಾಡಲಾರದೆ ಬಾಯಿ ಬಿಡುವವನೇ ಪೆದ್ದ ಎಂದು ಪಲ್ಲವಿಯೊಳಗೇ ಸವಾಲು ಎಸೆಯುತ್ತಾನೆ ರಂಗ. ಸಭೆಯಲ್ಲಿ ಕೂತ ಬಿ.ಎ. ಪದವೀಧರ ಮನಸ್ಸಿನಲ್ಲೇ ಪ್ರಯತ್ನಿಸಿ ನಾಲಿಗೆ ತೊಡರಿಸಿಕೊಳ್ಳುತ್ತಾನೆ. ಪೇಟೆಯವನ ಓದು ಸೋತು ಹಳ್ಳಿಯವನ ಕಾಗುಣಿತ ಗೆಲ್ಲುತ್ತದೆ. ನಗೆಗೆ ಗುರಿಯಾಗಬೇಕಾದವನೇ ನಗೆಯ ಯಜಮಾನನಾಗುವ ಈ ತಿರುವಿಗಾಗಿ ‘ಕೋಳೀಕೆ ರಂಗ’ವನ್ನು ನಾನು ಕೈಲಾಸಂ ಹಾಡುಗಳಲ್ಲಿ ಮೊದಲ ಸ್ಥಾನದಲ್ಲಿ ಇಡುತ್ತೇನೆ.

ಇಂದಿನ ಗಾಯನಗಳು ಸೋಲುವುದು ಇಲ್ಲಿಯೇ. ಸವಾಲು ಸವಾಲಾಗಬೇಕಾದರೆ ವೇಗ ಬೇಕು, ಉಸಿರು ಹಿಡಿಯುವ ಅಪಾಯ ಬೇಕು, ತಪ್ಪುವ ಭಯ ಬೇಕು. ಕೀಬೋರ್ಡು, ತಬಲ, ಕೊಳಲಿನ ತುಣುಕುಗಳ ನಡುವೆ ಮಂದಗತಿಯಲ್ಲಿ, ಇಂಪಾದ ಕಂಠದಲ್ಲಿ ಹಾಡಿದರೆ ಕಾಗುಣಿತದ ಸುತ್ತು ಅರ್ಥವಿಲ್ಲದ ಶಬ್ದಮಾಲೆಯಂತೆ ಕೇಳುತ್ತದೆ. ಇಪ್ಪತ್ತು ಮಕ್ಕಳ ಮೇಳಗಾನದಲ್ಲಂತೂ ಪಾತ್ರವೇ ಕಳೆದುಹೋಗುತ್ತದೆ. ರಂಗ ಒಬ್ಬನೇ ಎದುರಿಗೆ ನಿಲ್ಲಬೇಕಾದವನು. ಇದನ್ನು ಬಲ್ಲವರು ನಟರು. ಸಿ.ಆರ್. ಸಿಂಹ ‘ಟಿಪಿಕಲ್ ಟಿ.ಪಿ. ಕೈಲಾಸಂ’ ಏಕವ್ಯಕ್ತಿ ಪ್ರದರ್ಶನದಲ್ಲಿ ಕೈಲಾಸಂ ಅವರನ್ನು ವೇದಿಕೆಗೆ ಮರಳಿ ತಂದಾಗ, ಆ ಮಾತು ಹಾಡುಗಳು ಪುಟಕ್ಕಿಂತ ದೇಹಕ್ಕೆ ಸೇರಿದವು ಎಂಬುದು ಸಭಿಕರಿಗೆ ಗೊತ್ತಾಯಿತು. ಕೈಲಾಸಂ ತಮ್ಮ ಕೃತಿಗಳನ್ನು ಕೂತು ಬರೆದವರಲ್ಲ. ಆಡಿ ತೋರಿಸಿದವರು, ಬೇರೆಯವರು ಬರೆದುಕೊಂಡರು. ಹಾಗಾಗಿ ಅಚ್ಚಾದ ಹಾಡು ಹಾಡಿನ ನೆನಪು ಮಾತ್ರ.

ಹೊರಗಿನ ದೇಶಗಳಲ್ಲಿ ಇಂಥ ನೆನಪುಗಳಿಗೆ ಈಗ ಒಳ್ಳೆಯ ಕಾಲ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ 2011ರಲ್ಲಿ ಹಳೆಯ ತಟ್ಟೆಗಳನ್ನು ಸಾರ್ವಜನಿಕರ ಕಿವಿಗೆ ತೆರೆಯಿತು. 1923ಕ್ಕಿಂತ ಹಿಂದಿನ ಧ್ವನಿಮುದ್ರಣಗಳ ಮೇಲಿನ ಹಕ್ಕು ಅಲ್ಲಿ 2022ರ ಜನವರಿ 1ರಂದು ಮುಗಿಯಿತು. ಹೆಸರೇ ಅಳಿದಿದ್ದ ಎಷ್ಟೋ ವಾಡೆವಿಲ್ ಹಾಸ್ಯಗಾರರು ಇದರಿಂದ ಮತ್ತೆ ಬಾಯಿ ತೆರೆದರು. ನಮ್ಮಲ್ಲೂ ವಿಕ್ರಂ ಸಂಪತ್ ಸ್ಥಾಪಿಸಿದ ಆರ್ಕೈವ್ ಆಫ್ ಇಂಡಿಯನ್ ಮ್ಯೂಸಿಕ್ 78 ಆರ್‌ಪಿಎಂ ತಟ್ಟೆಗಳನ್ನು ಡಿಜಿಟಲ್ ರೂಪಕ್ಕೆ ತಂದಿದೆ, ರಂಗಗೀತೆಗಳೂ ಅದರಲ್ಲಿ ಸೇರಿವೆ. ಆದರೆ ಹಳೆಯ ಹಾಡನ್ನು ಕೇಳಸಿಗುವಂತೆ ಮಾಡುವುದು ಅರ್ಧ ಕೆಲಸ. ಅದು ಯಾವ ಜಾತಿಯ ಹಾಡು, ಅದನ್ನು ಯಾವ ಅಳತೆಗೋಲಿನಿಂದ ಅಳೆಯಬೇಕು ಎಂದು ತಿಳಿಸುವುದು ಉಳಿದರ್ಧ. ಅದು ವಿಮರ್ಶೆ ಮಾಡಬೇಕಾದ ಕೆಲಸ.

ನವೋದಯದ ಪಾಠದಲ್ಲಿ ‘ಇಂಗ್ಲಿಷ್ ಗೀತಗಳು’ ಓದಿಸುವಾಗ ಪಕ್ಕದಲ್ಲೇ ‘ಕೋಳೀಕೆ ರಂಗ’ವನ್ನೂ ಇಡಬೇಕು. ಮೊದಲು 1928ರ ಇಂಗ್ಲಿಷ್ ತಟ್ಟೆ ಕೇಳಿಸಿ, ಆಮೇಲೆ ಒಬ್ಬ ವಿದ್ಯಾರ್ಥಿಯನ್ನು ಎಬ್ಬಿಸಿ ಪಕ್ಕವಾದ್ಯವಿಲ್ಲದೆ, ಅದೇ ವೇಗದಲ್ಲಿ ರಂಗನನ್ನು ಹಾಡಿಸಬೇಕು. ಮೂರನೆಯ ಸಾಲಿಗೆ ಅವನ ನಾಲಿಗೆ ತೊಡರುತ್ತದೆ, ತರಗತಿ ನಗುತ್ತದೆ. ಒಂದು ಭಾಷೆ ಇನ್ನೊಂದರ ಮಟ್ಟನ್ನು ಹೇಗೆ ಅರಗಿಸಿಕೊಳ್ಳುತ್ತದೆ ಎಂಬ ಪಾಠ ಶುರುವಾಗಬೇಕಾದದ್ದು ಆ ನಗುವಿನಿಂದಲೇ.