ಯಾವ ಸಾಲಿನಲ್ಲಿ ಯಾವ ನಿಯಮ: ಲೀನಿಯರ್ ಆಲ್ಜೀಬ್ರಾ ರಸಿಕರಿಗೊಂದು ಕೈಪಿಡಿ

ದ್ವಿತೀಯ ಪಿಯುಸಿ ಗಣಿತದಲ್ಲಿ ಮ್ಯಾಟ್ರಿಕ್ಸ್ ಎಂದರೆ ಅಂಕ ತಂದುಕೊಡುವ ಪಾಠ. ಮೂರು ಸಮೀಕರಣ ಕೊಟ್ಟಿರುತ್ತಾರೆ. ಡಿಟರ್ಮಿನೆಂಟ್ ಕಂಡುಹಿಡಿದು, ಅಡ್ಜಾಯಿಂಟ್ ಬರೆದು, ಇನ್ವರ್ಸ್ ತೆಗೆದು ಗುಣಿಸಿದರೆ ಐದಕ್ಕೆ ಐದು. ಅದೇ ವಿದ್ಯಾರ್ಥಿ ಮರುವರ್ಷ ಬೆಂಗಳೂರಿನ ಮೈಸೂರು ರಸ್ತೆಯಲ್ಲಿರುವ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿನ ಬಿ.ಮ್ಯಾಥ್ ತರಗತಿಗೋ, ಸಾಧನೆಯನ್ನೇ ಮುಖ್ಯವಾಗಿ ಹಿಡಿದು ಪಾಠ ಮಾಡುವ ಇನ್ನಾವುದೋ ಕೋರ್ಸಿಗೋ ಹೋಗಿ ಕೂತರೆ ಮೊದಮೊದಲು ಎದುರಾಗುವ ಪ್ರಶ್ನೆಗಳ ಜಾತಿಯೇ ಬೇರೆ. ಸೊನ್ನೆ ಎಂಬ ಸಂಖ್ಯೆಯಿಂದ ಯಾವ ವೆಕ್ಟರನ್ನು ಗುಣಿಸಿದರೂ ಸೊನ್ನೆ ವೆಕ್ಟರೇ ಬರುತ್ತದೆ ಎಂದು ಸಾಧಿಸಿ ಎನ್ನುವುದು ಅಂಥದೊಂದು.

ಇದರಲ್ಲಿ ಸಾಧಿಸುವುದೇನಿದೆ ಎಂದು ಹೊಸಬರಿಗೆ ಅನ್ನಿಸುವುದು ಇಲ್ಲೇ. ಈ ವಿಷಯದ ರುಚಿ ಹತ್ತುವುದೂ ಇಲ್ಲೇ.

ಕೈಯಲ್ಲಿರುವುದು ವೆಕ್ಟರ್ ಸ್ಪೇಸ್ ಎಂದರೇನು ಎಂದು ಹೇಳುವ ವ್ಯಾಖ್ಯೆಯ ಎಂಟು ನಿಯಮಗಳು ಮಾತ್ರ. ನಾಲ್ಕು ವೆಕ್ಟರುಗಳನ್ನು ಕೂಡುವುದಕ್ಕೆ ಸಂಬಂಧಿಸಿದವು, ಎರಡು ಸಂಖ್ಯೆಯಿಂದ ಗುಣಿಸುವುದಕ್ಕೆ, ಉಳಿದೆರಡು ಈ ಎರಡೂ ಕ್ರಿಯೆಗಳನ್ನು ಬೆಸೆಯುವ ವಿತರಣಾ ನಿಯಮಗಳು. ಸೊನ್ನೆ ವೆಕ್ಟರ್ ಎನ್ನುವುದು ಕೂಡುವ ನಿಯಮಗಳಿಗೆ ಸೇರಿದ್ದು. ಸೊನ್ನೆಯಿಂದ ಗುಣಿಸುವುದು ಇನ್ನೊಂದು ಕಡೆಗೆ ಸೇರಿದ್ದು. ಎರಡು ಕಡೆಗೂ ಕೊಂಡಿ ಹಾಕುವುದು ವಿತರಣಾ ನಿಯಮ ಒಂದೇ, ಆದ್ದರಿಂದ ಸಾಧನೆ ಅದನ್ನು ಹಾಯ್ದೇ ಹೋಗಬೇಕು. ಹೋಗುವುದೂ ಹಾಗೆಯೇ. ಸೊನ್ನೆಯನ್ನು ಎರಡು ಸೊನ್ನೆಗಳ ಮೊತ್ತವಾಗಿ ಬರೆದು ವೆಕ್ಟರನ್ನು ಅದರಿಂದ ಗುಣಿಸಿ, ವಿತರಣಾ ನಿಯಮದಂತೆ ಬಿಡಿಸಿದರೆ ನಮಗೆ ಬೇಕಾದ ಗುಣಲಬ್ಧ ತನ್ನ ಎರಡರಷ್ಟಕ್ಕೆ ಸಮ ಎಂದಾಗುತ್ತದೆ. ಎರಡೂ ಕಡೆಯಿಂದ ಅದನ್ನು ಒಂದು ಸಲ ಕಳೆದರೆ ಉಳಿಯುವುದು ಸೊನ್ನೆ ವೆಕ್ಟರ್.

ಪಳಗಿದ ಕೇಳುಗರು ಕಛೇರಿಯಲ್ಲಿ ಗಾಯಕರು ಯಾವ ಸ್ವರದ ಮೇಲೆ ನಿಂತರು ಎಂದು ಕಿವಿಗೊಡುವಂತೆ, ಇಲ್ಲಿ ಯಾವ ನಿಯಮ ಯಾವ ಸಾಲಿನಲ್ಲಿ ಕೆಲಸಕ್ಕೆ ಬಂತು ಎಂದು ನೋಡಬೇಕು. ಹತ್ತನೇ ತರಗತಿಯ ರೇಖಾಗಣಿತದಲ್ಲಿ ದತ್ತ, ಸಾಧನೀಯ, ರಚನೆ, ಸಾಧನೆ ಎಂದು ಬರೆದು ಅಭ್ಯಾಸವಿದ್ದವರಿಗೆ ಈ ನೋಟ ಪೂರ್ತಿ ಹೊಸದಲ್ಲ. ಅಲ್ಲಿ ಚಿತ್ರ ಕೈಹಿಡಿದು ನಡೆಸುತ್ತಿತ್ತು, ಇಲ್ಲಿ ಆ ಕೆಲಸವನ್ನು ವ್ಯಾಖ್ಯೆ ಮಾಡುತ್ತದೆ.

ಈ ವ್ಯಾಖ್ಯೆ ಸುಲಭವಾಗಿ ಸಿಕ್ಕಿದ್ದಲ್ಲ. ಈಗ ಪೋಲೆಂಡಿಗೆ ಸೇರಿರುವ ಸ್ಟೆಟಿನ್ ಊರಿನ ಶಾಲಾ ಮೇಷ್ಟ್ರು ಹರ್ಮನ್ ಗ್ರಾಸ್‌ಮನ್ 1844ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದರ ಬಹುಪಾಲು ವಿಚಾರಗಳಿದ್ದವು. ಓದುವವರೇ ಸಿಗಲಿಲ್ಲ. ಮಾರಾಟವಾಗದೆ ಉಳಿದ ಪ್ರತಿಗಳು ರದ್ದಿಯ ಪಾಲಾದವು. 1862ರಲ್ಲಿ ಹೊಸದಾಗಿ ಬರೆದು ತಂದರೂ ಆದದ್ದು ಅಷ್ಟೇ. ಗ್ರಾಸ್‌ಮನ್ ಸಂಸ್ಕೃತದ ಕಡೆ ತಿರುಗಿದರು; ಋಗ್ವೇದಕ್ಕೆ ಅವರು ಸಿದ್ಧಪಡಿಸಿದ ನಿಘಂಟು 1873ರಿಂದ 1875ರ ನಡುವೆ ಅಚ್ಚಾಯಿತು. ವೇದವಿದ್ವಾಂಸರು ಇಂದಿಗೂ ಅದನ್ನು ಬಳಸುತ್ತಾರೆ. ವೆಕ್ಟರ್ ಸ್ಪೇಸ್‌ಗೆ ಇವತ್ತಿನ ರೂಪಕ್ಕೆ ಹತ್ತಿರವಾದ ನಿಯಮಗಳ ಪಟ್ಟಿಯನ್ನು ಇಟಲಿಯ ಪಿಯಾನೋ ಕೊಟ್ಟದ್ದು 1888ರಲ್ಲಿ, ಗ್ರಾಸ್‌ಮನ್ ತೀರಿಕೊಂಡು ಹನ್ನೊಂದು ವರ್ಷಗಳಾದ ಮೇಲೆ.

ವ್ಯಾಖ್ಯೆಯೊಂದನ್ನು ಓದಿದ ಕೂಡಲೇ ಮಾಡಬೇಕಾದ ಕೆಲಸ ಎರಡು: ಅದಕ್ಕೆ ಒಪ್ಪುವ ಉದಾಹರಣೆಗಳನ್ನು ಕಲೆಹಾಕುವುದು, ಕೂದಲೆಳೆಯಲ್ಲಿ ತಪ್ಪಿಹೋಗುವ ಉದಾಹರಣೆಗಳನ್ನು ಹುಡುಕುವುದು. ಮೂಲಬಿಂದುವಿನ ಮೂಲಕ ಹಾಯುವ ಸರಳರೇಖೆ ವೆಕ್ಟರ್ ಸ್ಪೇಸ್ ಆಗುತ್ತದೆ. ಅದನ್ನು ಪಕ್ಕಕ್ಕೆ ಸರಿಸಿದರೆ ಆಗುವುದಿಲ್ಲ, ಸೊನ್ನೆಯೇ ಅದರೊಳಗಿಲ್ಲ. ಘಾತ ಎರಡನ್ನು ಮೀರದ ಬಹುಪದೋಕ್ತಿಗಳೆಲ್ಲ ಸೇರಿ ವೆಕ್ಟರ್ ಸ್ಪೇಸ್ ಆಗುತ್ತವೆ. ಘಾತ ಸರಿಯಾಗಿ ಎರಡೇ ಇರುವವು ಆಗುವುದಿಲ್ಲ, ಅಂಥ ಎರಡನ್ನು ಕೂಡಿದಾಗ ವರ್ಗದ ಪದ ಅಳಿಸಿಹೋಗಬಹುದು. ಇಂಥ ‘ಆಗುವುದಿಲ್ಲ’ಗಳನ್ನು ನೋಟ್‌ಬುಕ್ಕಿನ ಎಡಪುಟದಲ್ಲಿ ಬರೆದಿಟ್ಟುಕೊಳ್ಳುತ್ತಾ ಹೋಗುವುದು ಒಳ್ಳೆಯದು.

ಕನ್ನಡ ಓದುಗರಿಗೆ ಹತ್ತಿರವಾದ ಉದಾಹರಣೆ ಛಂದಸ್ಸಿನಲ್ಲಿದೆ. ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಕಂದಪದ್ಯದ ಗಣಕ್ಕೆ ನಾಲ್ಕು ಮಾತ್ರೆ, ಅದು ಐದು ರೀತಿಯಲ್ಲಿ ಬರಬಹುದು: ಎರಡು ಗುರು, ಗುರುವಿನ ಮುಂದೆ ಎರಡು ಲಘು, ಲಘುಗಳ ನಡುವೆ ಗುರು, ಎರಡು ಲಘುವಿನ ಮೇಲೊಂದು ಗುರು, ನಾಲ್ಕೂ ಲಘು. ಒಂದು, ಎರಡು, ಮೂರು, ನಾಲ್ಕು, ಐದು ಮಾತ್ರೆಗಳಿಗೆ ಲೆಕ್ಕ ಹಾಕಿದರೆ ಸಿಗುವ ಸಂಖ್ಯೆಗಳು 1, 2, 3, 5, 8. ಕಡೆಯ ಅಕ್ಷರ ಲಘುವಾದರೆ ಹಿಂದೆ ಒಂದು ಮಾತ್ರೆ ಕಡಿಮೆ, ಗುರುವಾದರೆ ಎರಡು ಕಡಿಮೆ. ಹಾಗಾಗಿ ಪ್ರತಿ ಸಂಖ್ಯೆಯೂ ತನ್ನ ಹಿಂದಿನೆರಡರ ಮೊತ್ತ. ವಿರಹಾಂಕ, ಹೇಮಚಂದ್ರರಂಥ ಛಂದಶ್ಶಾಸ್ತ್ರಕಾರರು ಫಿಬೊನಾಚಿಗಿಂತ ಮೊದಲೇ ಬಲ್ಲ ಶ್ರೇಢಿ ಇದು.

ಈಗ ಹಿಂದಿನೆರಡರ ಮೊತ್ತವೇ ಮುಂದಿನದು ಎಂಬ ನಿಯಮ ಪಾಲಿಸುವ ಎಲ್ಲ ಶ್ರೇಢಿಗಳನ್ನೂ ಒಟ್ಟಿಗೆ ತೆಗೆದುಕೊಳ್ಳೋಣ. ಅಂಥ ಎರಡನ್ನು ಕೂಡಿದರೂ ಒಂದನ್ನು ಯಾವುದೇ ಸಂಖ್ಯೆಯಿಂದ ಗುಣಿಸಿದರೂ ನಿಯಮ ಉಳಿಯುತ್ತದೆ, ಆದ್ದರಿಂದ ಇದೊಂದು ವೆಕ್ಟರ್ ಸ್ಪೇಸ್. ಮೊದಲ ಎರಡು ಪದಗಳನ್ನು ನಮ್ಮಿಷ್ಟದಂತೆ ಆರಿಸಿದರೆ ಉಳಿದವೆಲ್ಲ ತಾವಾಗಿಯೇ ನಿಶ್ಚಯವಾಗುತ್ತವೆ, ಆದ್ದರಿಂದ ಡೈಮೆನ್ಷನ್ ಎರಡು. ಈ ಗುಂಪಿನಲ್ಲಿ ಗುಣೋತ್ತರ ಶ್ರೇಢಿಗಳೂ ಇವೆಯೇ ಎಂದು ಹುಡುಕಿದರೆ ಒಂದು ವರ್ಗಸಮೀಕರಣ ಬರುತ್ತದೆ. ಅದರ ಎರಡು ಮೂಲಗಳು ಸುಮಾರು 1.618 ಮತ್ತು –0.618. ಹಾಗೆ ಸಿಕ್ಕ ಎರಡು ಶ್ರೇಢಿಗಳಲ್ಲಿ ಒಂದು ಇನ್ನೊಂದರ ಗುಣಕವಲ್ಲ.

ಸವಿಯಬೇಕಾದ ಜಾಗ ಇದು. ಡೈಮೆನ್ಷನ್ ಎರಡಿರುವಲ್ಲಿ ಸ್ವತಂತ್ರವಾದ ಎರಡು ಸಿಕ್ಕರೆ ಅವೇ ಬೇಸಿಸ್. ಉಳಿದ ಪ್ರತಿಯೊಂದೂ ಅವುಗಳಿಂದಲೇ ಹುಟ್ಟಬೇಕು, ಬೇರೆ ತಪಾಸಣೆ ಬೇಡ. ಹೀಗಾಗಿ ಗಣಗಳ ಲೆಕ್ಕವೂ ಈ ಎರಡು ಗುಣೋತ್ತರ ಶ್ರೇಢಿಗಳ ಮಿಶ್ರಣ. ಎರಡನೆಯದು ಮುಂದೆ ಹೋದಂತೆ ಕುಗ್ಗಿ ಇಲ್ಲವಾಗುತ್ತದೆ. 8ನ್ನು 5ರಿಂದ ಭಾಗಿಸಿದರೆ 1.6, 13ನ್ನು 8ರಿಂದ ಭಾಗಿಸಿದರೆ 1.625, 21ನ್ನು 13ರಿಂದ ಭಾಗಿಸಿದರೆ ಸುಮಾರು 1.615 ಎಂದು ಭಾಗಲಬ್ಧ 1.618ರ ಆಚೀಚೆ ಹೊಯ್ದಾಡುತ್ತಾ ಅದರ ಹತ್ತಿರಕ್ಕೆ ಸರಿಯುವುದು ಇದರಿಂದಲೇ.

ಸ್ಪೇಸ್ ಒಂದಕ್ಕೆ ಎಷ್ಟೋ ಬೇಸಿಸ್‌ಗಳಿರಬಹುದು. ಅವೆಲ್ಲದರಲ್ಲೂ ವೆಕ್ಟರುಗಳ ಸಂಖ್ಯೆ ಒಂದೇ ಎನ್ನುವ ಪ್ರಮೇಯವೇ ಈ ಕೋರ್ಸಿನ ಮೊದಲ ದೊಡ್ಡ ಘಟ್ಟ. ಅದನ್ನು ಸಾಧಿಸುವವರೆಗೆ ಡೈಮೆನ್ಷನ್ ಎಂಬ ಮಾತಿಗೆ ಅರ್ಥವೇ ಇರುವುದಿಲ್ಲ. ಈ ಸಾಧನೆಯನ್ನು ಪುಸ್ತಕ ಮುಚ್ಚಿ ತಾನೇ ಬರೆಯಬಲ್ಲ ವಿದ್ಯಾರ್ಥಿಗೆ ಮುಂದಿನ ಪಾಠಗಳು ಹಗುರವಾಗುತ್ತವೆ.

ಆ ಘಟ್ಟ ದಾಟಿದವರಿಗೆ ಸಿಗುವ ಪ್ರತಿಫಲವೊಂದನ್ನು ನೋಡಬಹುದು. ಗ್ರಾಫ್ ಹಾಳೆಯ ಮೇಲೆ ನಾಲ್ಕು ಬಿಂದುಗಳು, ಯಾವೆರಡೂ ಒಂದರ ಮೇಲೊಂದು ನೇರಕ್ಕೆ ಬರುವಂತಿಲ್ಲ. ಘಾತ ಮೂರನ್ನು ಮೀರದ ಬಹುಪದೋಕ್ತಿಯೊಂದು ಈ ನಾಲ್ಕರ ಮೂಲಕವೂ ಹಾಯುತ್ತದೆಯೇ? ಸಹಗುಣಕಗಳನ್ನು ಲೆಕ್ಕ ಹಾಕಲು ಕೂತರೆ ಪುಟ ತುಂಬುತ್ತದೆ. ಬದಲಿಗೆ, ಪ್ರತಿ ಬಹುಪದೋಕ್ತಿಗೂ ಆ ನಾಲ್ಕು ಕಡೆ ಅದು ಪಡೆಯುವ ಬೆಲೆಗಳನ್ನು ಜೋಡಿಸುವ ಮ್ಯಾಪ್ ಅನ್ನು ನೋಡಿದರೆ ಸಾಕು. ಎರಡು ಕಡೆಯೂ ಡೈಮೆನ್ಷನ್ ನಾಲ್ಕು. ನಾಲ್ಕೂ ಕಡೆ ಸೊನ್ನೆಯಾಗುವ ಇಂಥ ಬಹುಪದೋಕ್ತಿ ಸೊನ್ನೆ ಒಂದೇ, ಏಕೆಂದರೆ ಘಾತ ಮೂರಕ್ಕೆ ನಾಲ್ಕು ಮೂಲಗಳಿರಲಾರವು. ಅಂದರೆ ಈ ಮ್ಯಾಪ್ ಯಾವ ಎರಡನ್ನೂ ಒಂದೇ ಕಡೆಗೆ ಕಳಿಸುವುದಿಲ್ಲ. ಡೈಮೆನ್ಷನ್ ಸಮವಾಗಿರುವುದರಿಂದ ಅದು ಎಲ್ಲವನ್ನೂ ಮುಟ್ಟಲೇಬೇಕು. ಒಂದಕ್ಕಿಂತ ಹೆಚ್ಚಿಲ್ಲ ಎಂದು ತೋರಿಸಿದ ಮಾತ್ರಕ್ಕೆ ಒಂದು ಇದ್ದೇ ಇದೆ ಎಂದು ಸಿದ್ಧವಾಯಿತು!

ಈ ಪವಾಡ ಡೈಮೆನ್ಷನ್ ಪರಿಮಿತವಾಗಿರುವಷ್ಟು ದಿನ ಮಾತ್ರ. ಕೊನೆಯಿಲ್ಲದ ಶ್ರೇಢಿಯೊಂದರ ಪದಗಳನ್ನು ಬಲಕ್ಕೆ ಒಂದೊಂದು ಸ್ಥಾನ ಸರಿಸಿ ಮೊದಲಲ್ಲಿ ಸೊನ್ನೆ ಇಟ್ಟರೆ, ಬೇರೆ ಬೇರೆ ಶ್ರೇಢಿಗಳು ಬೇರೆಯಾಗಿಯೇ ಉಳಿಯುತ್ತವೆ. ಆದರೆ ಒಂದರಿಂದ ಶುರುವಾಗುವ ಶ್ರೇಢಿ ಎಂದೂ ಸಿಗುವುದಿಲ್ಲ. ಪ್ರಮೇಯದ ಒಂದು ಷರತ್ತನ್ನು ಬೇಕೆಂದೇ ಕೈಬಿಟ್ಟು ಏನು ಮುರಿಯುತ್ತದೆ ಎಂದು ಹೀಗೆ ನೋಡುವುದು ರಸಿಕರ ಮುಖ್ಯ ಅಭ್ಯಾಸ.

ಪಿಯುಸಿಯಲ್ಲಿ ಕೊಟ್ಟ ಮ್ಯಾಟ್ರಿಕ್ಸ್‌ಗೆ ‘ಎ ಸ್ಕ್ವೇರ್ ಮೈನಸ್ ಐದು ಎ ಪ್ಲಸ್ ಏಳು ಐ ಸೊನ್ನೆ’ ಎಂದು ತೋರಿಸಿ, ಅದರಿಂದ ಇನ್ವರ್ಸ್ ತೆಗೆದವರು, ‘ಎಕ್ಸ್ ಐ ಮೈನಸ್ ಎ’ಯ ಡಿಟರ್ಮಿನೆಂಟ್ ಬಿಡಿಸಿದಾಗ ಸಿಗುವ ಬಹುಪದೋಕ್ತಿಯಲ್ಲಿ ಎ ಹಾಕಿದರೆ ಸೊನ್ನೆ ಬರುತ್ತದೆ ಎನ್ನುವ ಕೇಲಿ-ಹ್ಯಾಮಿಲ್ಟನ್ ಪ್ರಮೇಯವನ್ನು ಹೆಸರು ತಿಳಿಯದೆಯೇ ಮುಟ್ಟಿ ಬಂದಿರುತ್ತಾರೆ. ಆರ್ಥರ್ ಕೇಲಿ 1858ರ ಪ್ರಬಂಧದಲ್ಲಿ ಚಿಕ್ಕ ಮ್ಯಾಟ್ರಿಕ್ಸ್‌ಗಳಿಗೆ ತಾಳೆ ನೋಡಿ, ಸಾಮಾನ್ಯ ಸಾಧನೆಯ ಶ್ರಮ ಅಗತ್ಯವಿಲ್ಲವೆಂದು ಬಿಟ್ಟರು. ಅದನ್ನು ಫ್ರೊಬೀನಿಯಸ್ ಕೊಟ್ಟದ್ದು 1878ರಲ್ಲಿ. ಇಲ್ಲೊಂದು ಮೋಹಕವಾದ ತಪ್ಪು ದಾರಿ ಇದೆ: ‘ಎಕ್ಸ್ ಐ ಮೈನಸ್ ಎ’ಯ ಡಿಟರ್ಮಿನೆಂಟಿನಲ್ಲಿ ಎಕ್ಸ್ ಇದ್ದ ಕಡೆ ಎ ಹಾಕಿದರೆ ಸೊನ್ನೆ ಬರುತ್ತದಲ್ಲ, ಮುಗಿಯಿತು ಎನ್ನುವುದು. ಡಿಟರ್ಮಿನೆಂಟ್ ಬದಲು ಟ್ರೇಸ್ (ಮುಖ್ಯ ಕರ್ಣದ ಪದಗಳ ಮೊತ್ತ) ತೆಗೆದುಕೊಂಡು ಇದೇ ವಾದ ಹೂಡಿ ನೋಡಬೇಕು. ಆಗ ಎರಡಕ್ಕೆರಡರ ಪ್ರತಿ ಮ್ಯಾಟ್ರಿಕ್ಸ್‌ನ ಎರಡರಷ್ಟೂ ಅದರ ಟ್ರೇಸ್ ಸಲ ಐ ಆಗಿರಬೇಕೆಂದು ಬರುತ್ತದೆ, ಅದು ಶುದ್ಧ ಸುಳ್ಳು. ಎಕ್ಸ್ ಸಂಖ್ಯೆ, ಎ ಮ್ಯಾಟ್ರಿಕ್ಸ್; ಬಿಡಿಸುವ ಮುನ್ನವೇ ಒಂದರ ಜಾಗದಲ್ಲಿ ಇನ್ನೊಂದನ್ನು ಕೂರಿಸಿದ್ದೇ ದೋಷ. ಸುಳ್ಳನ್ನೂ ಸಾಧಿಸಿಬಿಡುವ ವಾದ ನಿಜವಾದ ಪ್ರಮೇಯಕ್ಕೂ ಆಧಾರವಾಗಲಾರದು.

ಪುಸ್ತಕಗಳಲ್ಲಿ ಘರಾಣೆಗಳಿವೆ. ಪಾಲ್ ಹ್ಯಾಲ್ಮೋಸ್ 1942ರಲ್ಲಿ ಬರೆದದ್ದು ಚಿಕ್ಕದು, ಮಾತು ಬಿಗಿ. 1961ರ ಹಾಫ್‌ಮನ್-ಕುಂಜ್ ಭಾರತದ ಎಂ.ಎಸ್ಸಿ. ವಿದ್ಯಾರ್ಥಿಗಳಿಗೆಲ್ಲ ಪರಿಚಿತ, ಡಿಟರ್ಮಿನೆಂಟ್ ಮುಗಿಸಿಕೊಂಡು ಐಗನ್ ಬೆಲೆಗಳಿಗೆ (ಸೊನ್ನೆಯಲ್ಲದ ಒಂದು ವೆಕ್ಟರನ್ನು ರೂಪಾಂತರ ಯಾವ ಸಂಖ್ಯೆಯಿಂದ ಗುಣಿಸಿದಂತಾಗುತ್ತದೋ ಅದು) ಹೋಗುತ್ತದೆ. ಶೆಲ್ಡನ್ ಆಕ್ಸ್‌ಲರ್ 1995ರಲ್ಲಿ ತಂದ ಪುಸ್ತಕ ಡಿಟರ್ಮಿನೆಂಟನ್ನು ಕೊನೆಗೆ ತಳ್ಳಿತು. ಅದರ ನಾಲ್ಕನೆಯ ಆವೃತ್ತಿ ಅಂತರ್ಜಾಲದಲ್ಲಿ ಉಚಿತವಾಗಿ, ಲೇಖಕರ ಒಪ್ಪಿಗೆಯಿಂದಲೇ ಸಿಗುತ್ತದೆ.

ಒಂದೇ ಪ್ರಮೇಯವನ್ನು ಹಾಫ್‌ಮನ್-ಕುಂಜ್ ಪುಸ್ತಕದಲ್ಲೂ ಆಕ್ಸ್‌ಲರ್ ಪುಸ್ತಕದಲ್ಲೂ ಓದಿ ಹೋಲಿಸುವುದು ಬೇರೆಯದೇ ಸುಖ. ಡೈಮೆನ್ಷನ್ ಪರಿಮಿತವಾಗಿದ್ದರೆ ಸಂಕೀರ್ಣ ಸಂಖ್ಯೆಗಳ ಮೇಲೆ ಪ್ರತಿ ರೂಪಾಂತರಕ್ಕೂ ಐಗನ್ ಬೆಲೆ ಇದ್ದೇ ಇರುತ್ತದೆ ಎನ್ನುವುದನ್ನೇ ತೆಗೆದುಕೊಳ್ಳಬಹುದು. ಹಳೆಯ ದಾರಿಯಲ್ಲಿ ಡಿಟರ್ಮಿನೆಂಟ್ ಒಂದು ಬಹುಪದೋಕ್ತಿ ಕೊಡುತ್ತದೆ, ಅದರ ಮೂಲವೇ ಉತ್ತರ. ಆಕ್ಸ್‌ಲರ್ ಸೊನ್ನೆಯಲ್ಲದ ಒಂದು ವೆಕ್ಟರ್ ಹಿಡಿದು, ಡೈಮೆನ್ಷನ್ ಎಷ್ಟೋ ಅಷ್ಟು ಸಲ ಅದನ್ನು ರೂಪಾಂತರಕ್ಕೆ ಒಡ್ಡುತ್ತಾರೆ. ಮೂಲ ವೆಕ್ಟರೂ ಸೇರಿ ಒಂದು ಹೆಚ್ಚಾಯಿತು, ಆದ್ದರಿಂದ ಅವು ಪರಸ್ಪರ ಅವಲಂಬಿಗಳು. ಆ ಅವಲಂಬನೆಯನ್ನು ಬಹುಪದೋಕ್ತಿಯಾಗಿ ಬರೆದು ಅಪವರ್ತಿಸಿದರೆ, ಯಾವುದೋ ಒಂದು ಅಪವರ್ತನ ಸೊನ್ನೆಯಲ್ಲದ್ದನ್ನು ಸೊನ್ನೆಗೆ ಕಳಿಸಲೇಬೇಕು. ಅಲ್ಲೇ ಐಗನ್ ಬೆಲೆ. ನೈಜ ಸಂಖ್ಯೆಗಳಿಗೆ ಸೀಮಿತವಾದರೆ ಅಪವರ್ತಿಸುವ ಸಾಲು ನಿಂತುಹೋಗುತ್ತದೆ. ಸಮತಲವನ್ನು ತೊಂಬತ್ತು ಡಿಗ್ರಿ ತಿರುಗಿಸಿದಾಗ ಯಾವ ದಿಕ್ಕೂ ತನ್ನ ಗೆರೆಯ ಮೇಲೆ ಉಳಿಯದಿರುವುದು ಅದಕ್ಕೇ.

ಇಷ್ಟು ಕೈವಶವಾದವರು ಮುಂದೆ ಹೋಗಬೇಕಾದದ್ದು ಸ್ಪೆಕ್ಟ್ರಲ್ ಪ್ರಮೇಯಕ್ಕೆ. ನೈಜ ಸಿಮೆಟ್ರಿಕ್ ಮ್ಯಾಟ್ರಿಕ್ಸ್‌ಗೆ ಪರಸ್ಪರ ಲಂಬವಾದ ಐಗನ್ ವೆಕ್ಟರುಗಳ ಬೇಸಿಸ್ ಸಿಗುತ್ತದೆ ಎನ್ನುತ್ತದೆ ಅದು. ಓದುವಾಗ ಪೆನ್ಸಿಲ್ ಹಿಡಿದು ಸಿಮೆಟ್ರಿ ಬಳಕೆಯಾದ ಸಾಲುಗಳಿಗೆ ಗೆರೆ ಎಳೆಯಬೇಕು. ರೂಢಿಯ ಸಾಧನೆಯಲ್ಲಿ ಅಂಥವು ಎರಡು: ಐಗನ್ ಬೆಲೆಗಳು ನೈಜ ಸಂಖ್ಯೆಗಳೇ ಎಂದು ತೋರಿಸುವಾಗ ಒಂದು, ಐಗನ್ ವೆಕ್ಟರಿಗೆ ಲಂಬವಾಗಿರುವ ವೆಕ್ಟರುಗಳು ರೂಪಾಂತರದ ನಂತರವೂ ಲಂಬವಾಗಿಯೇ ಇರುತ್ತವೆ, ಆದ್ದರಿಂದ ಒಂದು ಡೈಮೆನ್ಷನ್ ಕಡಿಮೆ ಮಾಡಿಕೊಂಡು ಅದೇ ವಾದವನ್ನು ಮತ್ತೆ ಹೂಡಬಹುದು ಎನ್ನುವಾಗ ಇನ್ನೊಂದು.