ಕೈಹ್ಯಾಂಡಲಿನ ಇಂಜಿನ್ ಎದ್ದಾಗ

ನಿಡಗುಂದಿ ಪಕ್ಕದ ಆಲಮಟ್ಟಿಯಲ್ಲಿ ಈಗ 290 ಮೆಗಾವ್ಯಾಟ್ ಸಾಮರ್ಥ್ಯದ ವಿದ್ಯುತ್ ಘಟಕವಿದೆ. ಆದರೂ ಹೊಲದ ಮೂಲೆಯಲ್ಲಿ ತುಕ್ಕು ಹಿಡಿದು ನಿಂತ ಒಂಟಿ ಸಿಲಿಂಡರಿನ ಡೀಸೆಲ್ ಇಂಜಿನ್ ಕಂಡರೆ ನನಗೆ ಕಾಲು ಕೀಳಲಾಗದು.

ಇದಕ್ಕೆ ಸ್ಪಾರ್ಕ್ ಪ್ಲಗ್ ಇಲ್ಲ, ಬ್ಯಾಟರಿ ಬೇಡ. ಸಿಲಿಂಡರಿನೊಳಗೆ ಒತ್ತಿದ ಗಾಳಿಯ ಕಾವಿಗೇ ಡೀಸೆಲ್ ಹೊತ್ತಿಕೊಳ್ಳುತ್ತದೆ. ಹಾಗಾಗಿ ಪಿಸ್ಟನ್ ಜಾಮ್ ಆಗಿರದಿದ್ದರೆ, ವರ್ಷಗಟ್ಟಲೆ ಬಿದ್ದದ್ದೂ ಏಳಬಲ್ಲದು. ಬಲ್ಲ ಮಿಸ್ತ್ರಿ ಮೊದಲು ಟ್ಯಾಂಕಿನ ಗಸಿ ತೊಳೆಯುತ್ತಾನೆ. ಪೈಪಿನ ನಟ್ಟು ಸಡಿಲಿಸಿ, ಗುಳ್ಳೆ ನಿಂತು ಬರೀ ಡೀಸೆಲ್ ಹರಿಯುವ ತನಕ ಏರ್ ತೆಗೆಯುತ್ತಾನೆ. ಗಾಳಿ ಉಳಿದರೆ ನಾಜಲ್ ಸರಿಯಾಗಿ ಚಿಮ್ಮದು. ಡಿಕಂಪ್ರೆಷನ್ ಲಿವರ್ ಎತ್ತಿ ಹ್ಯಾಂಡಲ್ ತಿರುಗಿಸುವಾಗ ನಾಜಲ್ ‘ಕರ್ರ್’ ಎನ್ನಬೇಕು. ಆ ಸದ್ದು ಹಿಡಿಯುವ ಕಿವಿಗೆ ನಾನು ಕೈಮುಗಿಯುತ್ತೇನೆ. ಫ್ಲೈವೀಲಿಗೆ ವೇಗ ಬಂದೊಡನೆ ಲಿವರ್ ಬಿಟ್ಟರೆ, ಹೊಗೆ ಉಗುಳಿ ಇಂಜಿನ್ ದಡದಡ ಹೊರಡುತ್ತದೆ. ಬೆಲ್ಟ್ ಹಾಕಿದರಾಯಿತು, ಪಂಪಾದರೂ ಸರಿ, ಡೈನಮೊ ಆದರೂ ಸರಿ.