ಆಫರ್ ಲೆಟರ್ ಬಂದ ಮೇಲೆ, ಕೆಲಸಕ್ಕೆ ಸೇರುವ ಮುಂಚೆ

ಚಾರ್ಮಾಡಿ, ಕಕ್ಕಿಂಜೆ, ಮುಂಡಾಜೆ ಕಡೆಯ ಮಕ್ಕಳು ಎಂಜಿನಿಯರಿಂಗ್ ಓದಲು ದೂರ ಹೋಗಬೇಕಾಗಿಲ್ಲ. ಉಜಿರೆಯಲ್ಲಿ ಎಸ್‌ಡಿಎಂ ಇದೆ, ಮೂಡುಬಿದಿರೆ ಹತ್ತಿರ ಮಿಜಾರಿನಲ್ಲಿ ಆಳ್ವಾಸ್ ಮತ್ತು ಮೈಟ್ ಇವೆ, ಬಂಟ್ವಾಳ ತಾಲ್ಲೂಕಿನ ಬೆಂಜನಪದವಿನಲ್ಲಿ ಕೆನರಾ ಇದೆ. ಕೆಲಸಕ್ಕೆ ಮಾತ್ರ ಹೆಚ್ಚಿನವರು ಘಟ್ಟ ಹತ್ತಲೇಬೇಕು. ಕ್ಯಾಂಪಸ್ ಆಯ್ಕೆ ಕೊನೆಯ ವರ್ಷದಲ್ಲೇ ಮುಗಿದರೂ ಸೇರುವ ದಿನಾಂಕ ಬರುವಾಗ ಎಷ್ಟೋ ಸಲ ತಿಂಗಳುಗಳು ಕಳೆದಿರುತ್ತವೆ. 2022ರಲ್ಲಿ ಪದವಿ ಮುಗಿಸಿದ ಕೆಲವರು ಎರಡು ವರ್ಷ ಕಾದದ್ದು ಪತ್ರಿಕೆಗಳಲ್ಲೂ ಸುದ್ದಿಯಾಗಿತ್ತು. ಈ ನಡುವಿನ ಕಾಲದಲ್ಲಿ ಬೆಂಗಳೂರಿನ ಒಂದು ಡೆವಲಪರ್ ಕಾನ್ಫರೆನ್ಸಿಗೆ ಹೋಗಿ ಬನ್ನಿ ಎಂದು ಸೀನಿಯರುಗಳು ಹೇಳುವುದುಂಟು. ಹೊಸ ತಂತ್ರಜ್ಞಾನ ಗೊತ್ತಾಗುತ್ತದೆ, ನಾಲ್ಕು ಜನರ ಪರಿಚಯವಾಗುತ್ತದೆ ಎಂಬುದು ಅವರು ಕೊಡುವ ಕಾರಣ. ಸಲಹೆಯನ್ನು ಒಪ್ಪಬಹುದು, ಕಾರಣವನ್ನು ಒಪ್ಪುವುದು ಕಷ್ಟ.

ಕಲಿಕೆಯ ಮಾತನ್ನೇ ಮೊದಲು ನೋಡೋಣ. ಪೈಥಾನ್ ಭಾಷೆಯಲ್ಲಿ ಕೋಡ್ ಬರೆಯುವವರ ಸಮ್ಮೇಳನವಾದ ಪೈಕಾನ್ ಇಂಡಿಯಾದ ಭಾಷಣಗಳು ಯೂಟ್ಯೂಬಿನಲ್ಲಿ ಬಿಟ್ಟಿಯಾಗಿ ಸಿಗುತ್ತವೆ. 2020ರಲ್ಲಿ ಕೋವಿಡ್ ಕಾರಣಕ್ಕೆ ಇಡೀ ಸಮ್ಮೇಳನವೇ ಆನ್‌ಲೈನಿನಲ್ಲಿ ನಡೆಯಿತು. ಅರ್ಧ ಗಂಟೆಯ ಭಾಷಣದಲ್ಲಿ ಒಂದು ವಿಷಯದ ಹೆಸರು ಗೊತ್ತಾಗಬಹುದು, ವಿಷಯ ಕೈಗೆ ಹತ್ತುವುದಿಲ್ಲ. ಅದಕ್ಕಾಗಿ ರಾತ್ರಿ ಬಸ್ಸು ಹಿಡಿದು, ಟಿಕೆಟ್ಟು, ಊಟ, ವಸತಿ ಎಂದು ಸಾವಿರಾರು ರೂಪಾಯಿ ಖರ್ಚು ಮಾಡಬೇಕಾಗಿಲ್ಲ. 2001ರಲ್ಲಿ ಲಿನಕ್ಸ್ ಬೆಂಗಳೂರು ಎಂಬ ಸಮ್ಮೇಳನ ಶುರುವಾದಾಗ ಪರಿಸ್ಥಿತಿ ಬೇರೆ ಇತ್ತು. ಮನೆಯ ಇಂಟರ್ನೆಟ್ಟು ಟೆಲಿಫೋನ್ ತಂತಿಯಲ್ಲಿ ತೆವಳುತ್ತಿದ್ದ ಆ ದಿನಗಳಲ್ಲಿ ತಿಳಿದವರ ಮಾತು ಕೇಳಬೇಕಾದರೆ ಸಭಾಂಗಣಕ್ಕೇ ಹೋಗಬೇಕಿತ್ತು. ಅದೇ ಸಮ್ಮೇಳನ 2005ರಲ್ಲಿ ಫಾಸ್ ಡಾಟ್ ಇನ್ ಎಂದು ಹೆಸರು ಬದಲಿಸಿಕೊಂಡು 2012ರವರೆಗೆ ನಡೆಯಿತು. ನಡುವೆ ಅದರ ಸಂಘಟಕ ಅತುಲ್ ಚಿಟ್ನಿಸ್ ಮತ್ತು ಸಂಗಡಿಗರು ಭಾಷಣದ ಭಾರ ಇಳಿಸಿ, ಒಟ್ಟಿಗೆ ಕೂತು ಕೋಡ್ ಬರೆಯುವುದಕ್ಕೆ ಒತ್ತು ಕೊಟ್ಟರು. ವೇದಿಕೆಯ ಮಿತಿ ವೇದಿಕೆ ಕಟ್ಟಿದವರಿಗೇ ಅಷ್ಟು ಹಿಂದೆ ಅರ್ಥವಾಗಿತ್ತು. ಮೂಡುಬಿದಿರೆಯ ಸಾಹಿತ್ಯ ಸಮ್ಮೇಳನ ಆಳ್ವಾಸ್ ನುಡಿಸಿರಿಗೆ ಹೋದವರಿಗೂ ಇದು ಹೊಸತಲ್ಲ: ಗೋಷ್ಠಿಯಲ್ಲಿ ಕೇಳಿದ್ದು ಮರೆತಿರುತ್ತದೆ, ಪುಸ್ತಕ ಮಳಿಗೆಯ ಎದುರು ನಿಂತು ಮಾಡಿದ ವಾದ ನೆನಪಿರುತ್ತದೆ.

ಹಾಗಾದರೆ ಯಾಕೆ ಹೋಗಬೇಕು? ಉದ್ಯೋಗಕ್ಕೆ ಸೇರುವ ಮೊದಲು ಇರುವ ಒಂದು ಸ್ವಾತಂತ್ರ್ಯ ಸೇರಿದ ಮೇಲೆ ಇರುವುದಿಲ್ಲ. ಕೊರಳಿಗೆ ಕಂಪನಿಯ ಟ್ಯಾಗ್ ಬಿದ್ದ ದಿನದಿಂದ ಆಡುವ ಮಾತಿಗೆ ಗೋಪ್ಯತೆಯ ಕರಾರು ಇರುತ್ತದೆ. ಬರೆಯುವ ಕೋಡು ಯಾರದು ಎಂಬ ಷರತ್ತು ಇರುತ್ತದೆ. ಓಪನ್ ಸೋರ್ಸ್ ಯೋಜನೆಗೆ ನಾಲ್ಕು ಸಾಲು ಸೇರಿಸಲೂ ಅನೇಕ ಕಡೆ ಮ್ಯಾನೇಜರರ ಅನುಮತಿ ಬೇಕು. ಆಫರ್ ಲೆಟರ್ ಮಾತ್ರ ಕೈಯಲ್ಲಿರುವವರಿಗೆ ಇದ್ಯಾವುದೂ ಅಡ್ಡ ಬರುವುದಿಲ್ಲ. ಸರ್ವರ್ ಬಿದ್ದ ರಾತ್ರಿ ಏನಾಯಿತು, ಪರೀಕ್ಷೆ ಮಾಡದ ಕೋಡು ಹೇಗೆ ಹೊರಗೆ ಹೋಯಿತು, ಬೆಂಚಿನ ಮೇಲೆ ಕೂರಿಸುವುದು ಅಂದರೆ ಏನು, ನಾಲ್ಕನೇ ವರ್ಷಕ್ಕೆ ಜನ ಯಾಕೆ ಕೆಲಸ ಬಿಡುತ್ತಾರೆ ಎಂದು ಅವರು ಮುಲಾಜಿಲ್ಲದೆ ಕೇಳಬಹುದು. ಕಾಫಿ ಕುಡಿಯುತ್ತಾ ಸಿಗುವ ಇಂಥ ಉತ್ತರ ಕಂಪನಿಯ ಇಂಡಕ್ಷನ್ನಿನಲ್ಲಿ ಸಿಗುವುದಿಲ್ಲ, ರೆಕಾರ್ಡ್ ಮಾಡಿದ ಭಾಷಣದಲ್ಲಂತೂ ಇರುವುದೇ ಇಲ್ಲ. ಒಟ್ಟಿಗೆ ಕೂತು ಕೋಡ್ ಬರೆಯುವ ಪೈಕಾನ್‌ನ ಡೆವ್ ಸ್ಪ್ರಿಂಟಿನಲ್ಲಿ ಒಂದು ಯೋಜನೆಯನ್ನು ನಡೆಸುವವರ ಪಕ್ಕದಲ್ಲೇ ಕೂತು ಒಂದು ಸಣ್ಣ ದೋಷ ಸರಿಪಡಿಸಿದರೆ, ಆ ತಿದ್ದುಪಡಿ ಮುಂದೆ ಯಾವ ಕಂಪನಿಗೆ ಹೋದರೂ ಬರೆದವರ ಹೆಸರಿನಲ್ಲೇ ಉಳಿಯುತ್ತದೆ.

ಕಂಪನಿ ಹೇಗೂ ಮೂರು ತಿಂಗಳು ತರಬೇತಿ ಕೊಡುತ್ತದಲ್ಲ ಎನ್ನುವವರಿದ್ದಾರೆ. ಕೊಡುತ್ತದೆ; ತನಗೆ ಬೇಕಾದ್ದನ್ನು. ಖರ್ಚಿನ ಆಕ್ಷೇಪ ಇದಕ್ಕಿಂತ ಗಟ್ಟಿ. ಅಡಿಕೆಯ ರೇಟು ನೋಡಿಕೊಂಡು ಫೀಸು ಕಟ್ಟಿದ ಮನೆಯಿಂದ ಇನ್ನೊಂದು ಖರ್ಚು ಕೇಳುವುದು ಸುಲಭವಲ್ಲ. ವಿದ್ಯಾರ್ಥಿ ದರದ ಟಿಕೆಟ್ಟು, ಆರ್ಥಿಕ ನೆರವು, ಸ್ವಯಂಸೇವಕರಾಗಿ ಒಳಗೆ ಹೋಗುವ ದಾರಿ ಇವೆ. ಅವು ಸಿಗದಿದ್ದರೆ ಸಾಲ ಮಾಡಿ ಹೋಗುವಷ್ಟು ದೊಡ್ಡ ಲಾಭ ಇದರಲ್ಲಿಲ್ಲ. ಪರಿಚಯದ ಮಾತೂ ಅಷ್ಟೆ. ಕೇಳಲು ಪ್ರಶ್ನೆ ಇಲ್ಲದೆ ಹೋದವರು ಸ್ಟಿಕರು, ಟಿ-ಶರ್ಟು ಹಿಡಿದುಕೊಂಡು ವಾಪಸ್ಸು ಬರುತ್ತಾರೆ. ಅಲ್ಲಿನ ಇಂಗ್ಲಿಷ್ ಕೇಳಿ ಹಿಂಜರಿಯುವವರು ತುಳು ವಿಕಿಪೀಡಿಯವನ್ನು ನೆನೆಯಬಹುದು. ವರ್ಷಗಟ್ಟಲೆ ಪ್ರಾಯೋಗಿಕ ಹಂತದಲ್ಲಿದ್ದ ಅದು 2016ರ ಆಗಸ್ಟಿನಲ್ಲಿ ಸ್ವತಂತ್ರ ತಾಣವಾಯಿತು. ಅದನ್ನು ಘೋಷಿಸಿದ್ದು ಚಂಡೀಗಢದ ವಿಕಿ ಸಮ್ಮೇಳನದಲ್ಲಿ. ಆ ಮನ್ನಣೆ ಬಂದದ್ದು ಮಾಡಿಟ್ಟ ಕೆಲಸಕ್ಕೆ, ಇಂಗ್ಲಿಷಿನ ಉಚ್ಚಾರಕ್ಕಲ್ಲ.

ಎಲ್ಲ ಸಮ್ಮೇಳನವೂ ಒಂದೇ ಅಲ್ಲ ಎಂಬುದನ್ನೂ ಹೇಳಬೇಕು. ಸರ್ಕಾರ ನಡೆಸುವ ಬೆಂಗಳೂರು ಟೆಕ್ ಸಮಿಟ್ ಉದ್ಯಮದ ಜಾತ್ರೆ. ದೊಡ್ಡ ಕ್ಲೌಡ್ ಕಂಪನಿಗಳ ಸಮಾವೇಶ ಅವುಗಳ ಸರಕಿನ ಪ್ರದರ್ಶನ; ಹೊಸಬರಿಗೆ ಅಲ್ಲಿ ಗಿರಾಕಿಯ ಪಾತ್ರ ಬಿಟ್ಟರೆ ಬೇರೆ ಇಲ್ಲ. ಸ್ವಯಂಸೇವಕರು ನಡೆಸುವ ಪೈಕಾನ್, ಓಪನ್ ಸೋರ್ಸ್ ಸಂಘಟನೆ ಫಾಸ್ ಯುನೈಟೆಡ್‌ನ ಇಂಡಿಯಾಫಾಸ್, ಸರ್ವರ್ ನೋಡಿಕೊಳ್ಳುವವರೇ ಸೇರುವ ರೂಟ್‌ಕಾನ್ಫ್ ಇವುಗಳಿಗೆ ಹೋಗಬಹುದು. ಉಜಿರೆ, ಮಿಜಾರು, ಬೆಂಜನಪದವಿನ ಕಾಲೇಜುಗಳಿಗೂ ಒಂದು ಮಾತು: ಪ್ಲೇಸ್‌ಮೆಂಟ್ ಆದವರ ಫೋಟೋ ಹಾಕಿದ ಬ್ಯಾನರಿನ ಖರ್ಚಿನಲ್ಲಿ ಸ್ವಲ್ಪ ಉಳಿಸಿ, ಈಗಾಗಲೇ ಒಂದಾದರೂ ಓಪನ್ ಸೋರ್ಸ್ ಯೋಜನೆಗೆ ಕೈ ಹಚ್ಚಿರುವ ವಿದ್ಯಾರ್ಥಿಗಳ ಬಸ್ ಚಾರ್ಜು ಕೊಡಿ.